ಯುಗಾದಿಯ ಚಳಿಯಲ್ಲಿ ಸಾಫ್ಟ್‌ಬಾಲ್ ಮೈದಾನ

ಚಾಂದ್ರಮಾನ ಯುಗಾದಿಯು ಮಾರ್ಚ್ ಉತ್ತರಾರ್ಧದಲ್ಲೋ ಏಪ್ರಿಲ್ ಪೂರ್ವಾರ್ಧದಲ್ಲೋ ಬರುವ ಹಬ್ಬವಾದುದರಿಂದ ಕರ್ನಾಟಕದಲ್ಲಿ ಅದು ಮಾವು ಚಿಗುರಿ, ಬೇವು ಹೂಬಿಟ್ಟು, ಬಿಸಿಲು ಬಲಿಯತೊಡಗುವ ಕಾಲಕ್ಕೆ ಒದಗುತ್ತದೆ. ಮಿಷಿಗನ್ ಸರೋವರದ ದಂಡೆಯ ಶಿಕಾಗೊ ನಗರದಲ್ಲಿಯೂ ಅದರ ಸುತ್ತಲಿನ ಊರುಗಳಲ್ಲಿಯೂ ನೆಲೆಸಿರುವ ಕನ್ನಡ ಕುಟುಂಬಗಳಿಗಾದರೋ ಅದೇ ಹಬ್ಬ ದಪ್ಪ ಕೋಟನ್ನು ಇನ್ನೂ ಕಪಾಟಿಗೆ ಸೇರಿಸಲಾಗದ ದಿನಗಳಲ್ಲಿ ಬರುತ್ತದೆ. ಇಲ್ಲಿನ ಪ್ರೌಢಶಾಲೆಗಳಲ್ಲಿ ಹುಡುಗಿಯರ ಸಾಫ್ಟ್‌ಬಾಲ್ ಪಂದ್ಯಗಳು ಆರಂಭವಾಗುವುದೂ ಇದೇ ವಾರಗಳಲ್ಲಿ. ಮಾರ್ಚ್ ತಿಂಗಳ ಮುಂಜಾನೆಗಳಲ್ಲಿ ಉಷ್ಣಾಂಶವು ಸೊನ್ನೆ ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುವುದು ಇಲ್ಲಿ ಸಾಮಾನ್ಯ. ಚಳಿಗಾಲವಿಡೀ ತಣ್ಣಗಾದ ಸರೋವರದ ನೀರು ಬೇಗ ಬಿಸಿಯಾಗದೆ ಉಳಿಯುವುದರಿಂದ, ಅದರ ಮೇಲಿಂದ ಬೀಸುವ ಗಾಳಿ ಏಪ್ರಿಲ್‌ನಲ್ಲಿಯೂ ದಂಡೆಯ ಊರುಗಳನ್ನು ಒಳನಾಡಿಗಿಂತ ತಂಪಾಗಿ ಇರಿಸುತ್ತದೆ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 1884ರ ಜನವರಿಯ 7.8 ಡಿಗ್ರಿ ಎಂಬುದನ್ನು ನೆನೆದರೆ, ಅಲ್ಲಿ ಹುಟ್ಟಿ ಬೆಳೆದ ತಾಯಿತಂದೆಯರು ಇಂಥ ಹವೆಯಲ್ಲಿ ಮಗಳನ್ನು ಎರಡು ಗಂಟೆ ಬಯಲಿನಲ್ಲಿ ನಿಲ್ಲಿಸಲು ಹಿಂಜರಿಯುವುದು ಸಹಜವೆಂದೇ ಹೇಳಬೇಕು. ಆ ಹಿಂಜರಿಕೆಯನ್ನು ಕಳೆಯಬಲ್ಲ ತಿಳಿವಳಿಕೆಯನ್ನು ಒಂದೆಡೆ ತರುವುದು ಈ ಸಂಪಾದಕೀಯದ ಉದ್ದೇಶ.

ಸಾಫ್ಟ್‌ಬಾಲ್ ಹುಟ್ಟಿದ್ದೇ ಈ ನಗರದಲ್ಲಿ, ಅದೂ ಚಳಿಯಿಂದ ಒಳಗೆ ಸರಿದವರ ನಡುವೆ. 1887ರ ನವೆಂಬರ್‌ನ ಕೃತಜ್ಞತಾ ದಿನದಂದು ಶಿಕಾಗೊದ ಫ್ಯಾರಗಟ್ ಬೋಟ್ ಕ್ಲಬ್‌ನ ವ್ಯಾಯಾಮಶಾಲೆಯಲ್ಲಿ ಸೇರಿದ್ದ ತರುಣರು ಹಾರ್ವರ್ಡ್ ಮತ್ತು ಯೇಲ್ ವಿಶ್ವವಿದ್ಯಾಲಯಗಳ ಫುಟ್‌ಬಾಲ್ ಪಂದ್ಯದ ಫಲಿತಾಂಶಕ್ಕಾಗಿ ಕಾಯುತ್ತಿದ್ದರು. ಅವರಲ್ಲೊಬ್ಬ ಎಸೆದ ಬಾಕ್ಸಿಂಗ್ ಗ್ಲೌಸನ್ನು ಮತ್ತೊಬ್ಬ ಕೋಲಿನಿಂದ ಹೊಡೆದುದನ್ನು ಕಂಡ ಜಾರ್ಜ್ ಹ್ಯಾನ್‌ಕಾಕ್ ಎಂಬ ವರದಿಗಾರ, ಆ ಗ್ಲೌಸನ್ನೇ ದಾರದಿಂದ ಬಿಗಿದು ಚೆಂಡಾಗಿಸಿ, ಸೀಮೆಸುಣ್ಣದಿಂದ ನೆಲದ ಮೇಲೆ ಅಂಕಣ ಬರೆದು, ಒಳಾಂಗಣದ ಬೇಸ್‌ಬಾಲ್ ಒಂದನ್ನು ರೂಪಿಸಿದನು. ಮರುವರ್ಷವೇ ಆಟ ಬಯಲಿಗೆ ಬಂದಿತು. 1895ರಲ್ಲಿ ಮಿನಿಯಾಪೊಲಿಸ್‌ನ ಅಗ್ನಿಶಾಮಕ ದಳದ ಲೂಯಿಸ್ ರೋಬರ್ ತನ್ನ ಸಿಬ್ಬಂದಿಯ ವ್ಯಾಯಾಮಕ್ಕಾಗಿ ಅದರದೇ ಒಂದು ರೂಪವನ್ನು ಆಡಿಸಿದನು. ಸಾಫ್ಟ್‌ಬಾಲ್ ಎಂಬ ಹೆಸರು ಸೂಚಿತವಾದದ್ದು 1926ರಲ್ಲಿ. ಸರ್ಕಾರದ ನೆರವು ಪಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗಭೇದವನ್ನು ನಿಷೇಧಿಸಿದ 1972ರ ಕಾನೂನಿನ ನಂತರ, ಅಂದರೆ ಇಲ್ಲಿ ಟೈಟಲ್ ನೈನ್ ಎಂದು ಕರೆಯಲಾಗುವ ವಿಧಿಯ ನಂತರ, ಶಾಲಾ ಕಾಲೇಜುಗಳಲ್ಲಿ ಹುಡುಗಿಯರ ಕ್ರೀಡೆಗಳು ಹಬ್ಬಿದಾಗ ಸಾಫ್ಟ್‌ಬಾಲ್ ಅವುಗಳ ಮುಂಚೂಣಿಯಲ್ಲಿ ನಿಂತಿತು. ಕನ್ನಡ ಮನೆಗಳ ಹೆಣ್ಣುಮಕ್ಕಳು ಇಂದು ಮೈದಾನಕ್ಕೆ ಇಳಿಯುತ್ತಿರುವುದು ಆ ಹಕ್ಕಿನ ಬಲದಿಂದಲೇ. ಆದುದರಿಂದ ಚಳಿಯೊಂದರ ನೆವದಿಂದ ಅವರನ್ನು ಹಿಂದೆ ಕರೆಯುವುದು ಸಣ್ಣ ಮಾತಲ್ಲ.

ಕ್ರಿಕೆಟ್ ಬಲ್ಲ ಓದುಗರಿಗೆ ಈ ಆಟದ ಚೌಕಟ್ಟನ್ನು ಚುಟುಕಾಗಿ ಹೇಳಬಹುದು. ತಂಡಕ್ಕೆ ಒಂಬತ್ತು ಮಂದಿ. ಚೆಂಡೆಸೆಯುವ ಪಿಚರ್ ಸುಮಾರು 13 ಮೀಟರ್ ದೂರದಿಂದ ತೋಳನ್ನು ಪೂರ್ತಿ ಸುತ್ತು ಬೀಸಿ ಕೈಯನ್ನು ಸೊಂಟದ ಕೆಳಗಿನಿಂದ ತಂದು ಎಸೆಯುತ್ತಾಳೆ. ಹೊಡೆದವಳು ಒಂದರಿಂದೊಂದಕ್ಕೆ 60 ಅಡಿ ಅಂತರವಿರುವ ನೆಲೆಗಳನ್ನು, ಅಂದರೆ ಬೇಸ್‌ಗಳನ್ನು, ಸುತ್ತಿ ಬಂದರೆ ಓಟ ಸಿಗುತ್ತದೆ. ಮೂವರು ಔಟಾದರೆ ತಂಡಗಳು ಸ್ಥಾನ ಬದಲಿಸುತ್ತವೆ. ಹೀಗೆ ಏಳು ಇನ್ನಿಂಗ್ಸ್ ನಡೆಯುತ್ತದೆ. ಚಳಿಯ ದೃಷ್ಟಿಯಿಂದ ಮುಖ್ಯವಾದುದು ಈ ರಚನೆಯೊಳಗಿನ ಬಿಡುವು. ಬ್ಯಾಟಿಂಗ್ ಸರದಿಯಲ್ಲಿ ಬಹುಪಾಲು ಆಟಗಾರ್ತಿಯರು ಡಗ್‌ಔಟ್ ಎಂಬ ಬೇಲಿಯ ಮರೆಯ ಬೆಂಚಿನ ಮೇಲೆ ಕುಳಿತಿರುತ್ತಾರೆ. ಹೊರಮೈದಾನದಲ್ಲಿ ನಿಂತವಳ ಕಡೆಗೆ ಎಷ್ಟೋ ಹೊತ್ತು ಚೆಂಡೇ ಬರುವುದಿಲ್ಲ. ಬಂದಾಗಲಾದರೋ ನಿಂತ ಕಾಲಿನಿಂದಲೇ ಪೂರ್ಣ ವೇಗದಲ್ಲಿ ಓಡಬೇಕಾಗುತ್ತದೆ. ಸತತವಾಗಿ ಓಡುವ ಫುಟ್‌ಬಾಲ್ ಆಟಗಾರ್ತಿಗೆ ಅವಳ ಸ್ನಾಯುಗಳೇ ಶಾಖ ಒದಗಿಸುತ್ತಿರುತ್ತವೆ, ಸಾಫ್ಟ್‌ಬಾಲ್ ಆಟಗಾರ್ತಿಗಾದರೋ ಆ ಶಾಖ ಆಟದ ನಡುವೆಯೇ ಆರಿಹೋಗುತ್ತದೆ, ಮತ್ತು ಮೈಕಾವನ್ನು ಉಳಿಸಿಕೊಳ್ಳುವ ಉಪಾಯಗಳೆಲ್ಲವೂ ಕೊನೆಗೆ ಈ ಬಿಡುವಿನ ನಿಮಿಷಗಳನ್ನು ಹೇಗೆ ಕಳೆಯಲಾಗುತ್ತದೆ ಎಂಬುದನ್ನೇ ಅವಲಂಬಿಸುತ್ತವೆ.

ದೇಹದಿಂದ ಶಾಖ ಹೊರಹೋಗುವುದು ನಾಲ್ಕು ದಾರಿಗಳಲ್ಲಿ: ತಣ್ಣಗಿನ ವಸ್ತುವಿನ ಸ್ಪರ್ಶದಿಂದಾಗುವ ವಹನ, ಚರ್ಮದ ಬಳಿಯ ಬೆಚ್ಚನೆಯ ಗಾಳಿಯನ್ನು ಬೀಸುಗಾಳಿ ಒಯ್ಯುವುದರಿಂದಾಗುವ ಸಂವಹನ, ಸ್ಪರ್ಶವಿಲ್ಲದೆಯೇ ಸೂಸಿಹೋಗುವ ವಿಕಿರಣ, ಬೆವರು ಆರುವಾಗ ನಡೆಯುವ ಆವಿಯಾಗುವಿಕೆ. ಬಯಲಿನ ಆಟದಲ್ಲಿ ಗಾಳಿ ಮತ್ತು ತೇವ ಎಂಬ ಎರಡೇ ಹೆಚ್ಚಿನ ಹಾನಿ ಮಾಡುತ್ತವೆ. ಗಾಳಿಯ ಪರಿಣಾಮವನ್ನು ಅಂಕಿಯಲ್ಲಿ ಹೇಳುವ ವಿಂಡ್ ಚಿಲ್ ಎಂಬ ಮಾಪನಕ್ಕೆ ಅಡಿಪಾಯವಾದದ್ದು ಅಂಟಾರ್ಕ್ಟಿಕದಲ್ಲಿ ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ 1940ರ ದಶಕದಲ್ಲಿ ನಡೆಸಿದ ಪ್ರಯೋಗ; ಅಮೆರಿಕ ಮತ್ತು ಕೆನಡಾದ ಹವಾಮಾನ ಇಲಾಖೆಗಳು 2001ರಲ್ಲಿ ಪರಿಷ್ಕರಿಸಿದ ಸೂತ್ರದ ಪ್ರಕಾರ 40 ಡಿಗ್ರಿ ಫ್ಯಾರನ್‌ಹೀಟ್ ಉಷ್ಣಾಂಶದಲ್ಲಿ ಗಂಟೆಗೆ 20 ಮೈಲಿಯ ಗಾಳಿ ಬೀಸಿದರೆ ಬತ್ತಲೆ ಚರ್ಮಕ್ಕೆ 30 ಡಿಗ್ರಿಯಷ್ಟು, ಅಂದರೆ ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ ಕೆಳಗಿನ, ಚಳಿ ತಟ್ಟುತ್ತದೆ. ಗಾಳಿಯು ದೇಹವನ್ನು ಬೇಗ ತಣಿಸಬಲ್ಲದೇ ಹೊರತು ಸುತ್ತಲಿನ ಹವೆಯ ನಿಜವಾದ ಉಷ್ಣಾಂಶಕ್ಕಿಂತ ಕೆಳಗೆ ಇಳಿಸಲಾರದು. ಹೀಗಾಗಿ ಹವೆ ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರುವಾಗ ಹಿಮಕಡಿತದ, ಅಂದರೆ ಅಂಗಾಂಶವೇ ಹೆಪ್ಪುಗಟ್ಟುವ, ಭಯವಿಲ್ಲ. ತೇವದ ಮಾತು ಬೇರೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸೆಳೆಯುತ್ತದೆ. ಐದು ಡಿಗ್ರಿಯ ತುಂತುರು ಮಳೆಯಲ್ಲಿ ನೆನೆದ ಹುಡುಗಿ ಸೊನ್ನೆ ಡಿಗ್ರಿಯ ಒಣಹವೆಯಲ್ಲಿ ಆಡುವವಳಿಗಿಂತ ಹೆಚ್ಚಿನ ಅಪಾಯದಲ್ಲಿರುತ್ತಾಳೆ. ಈ ವ್ಯತ್ಯಾಸವನ್ನು ಪ್ರತಿ ಮನೆಯೂ ತಿಳಿದಿರಬೇಕು.

ಉಡುಪಿನ ವಿಚಾರದಲ್ಲಿ ಒಂದೇ ದಪ್ಪ ಜಾಕೆಟ್ಟಿಗಿಂತ ಮೂರು ತೆಳು ಪದರಗಳು ಮೇಲು: ಚರ್ಮಕ್ಕೆ ಅಂಟಿಕೊಂಡು ಬೆವರನ್ನು ಹೊರಕ್ಕೆ ಎಳೆಯುವ ಪಾಲಿಯೆಸ್ಟರ್ ಅಥವಾ ನಯವಾದ ಉಣ್ಣೆಯ ಒಳಂಗಿ, ಗಾಳಿಯನ್ನು ತನ್ನೊಳಗೆ ಹಿಡಿದಿಡುವ ಫ್ಲೀಸ್‌ನಂಥ ನಡುಪದರ, ಗಾಳಿ ತಡೆಯುವ ತೆಳುವಾದ ಹೊರಪದರ. ಸಮವಸ್ತ್ರದ ಅಂಗಿ ಕಾಣುವಂತಿರಬೇಕಾದುದರಿಂದ ಒಳಪದರಗಳನ್ನು ಅದರಡಿಯಲ್ಲಿ ಧರಿಸಿ, ಹೊರಪದರವನ್ನು ಬೆಂಚಿನ ಮೇಲೆ ಕುಳಿತಾಗ ಹೊದ್ದುಕೊಳ್ಳುವುದು ರೂಢಿ. ಹತ್ತಿಯ ಒಳಂಗಿಯನ್ನು ಮಾತ್ರ ಮನೆಯಲ್ಲೇ ಬಿಡಬೇಕು. ಕರ್ನಾಟಕದ ಸೆಕೆಗೆ ಹಿತವಾದ ಅದರ ಗುಣವೇ, ಅಂದರೆ ಬೆವರನ್ನು ಹೀರಿ ಒದ್ದೆಯಾಗಿ ಉಳಿಯುವುದೇ, ಚಳಿಯಲ್ಲಿ ಮೈಯನ್ನು ತಣಿಸುತ್ತದೆ. ಉಣ್ಣೆ ಹಾಗಲ್ಲ, ಅದರ ನೂಲು ತೇವವನ್ನು ಒಳಗೆ ಎಳೆದುಕೊಂಡರೂ ಎಳೆಗಳ ನಡುವೆ ಗಾಳಿಯನ್ನು ಉಳಿಸಿಕೊಳ್ಳುತ್ತದೆ, ತೇವ ಹೀರುವಾಗ ಸ್ವಲ್ಪ ಶಾಖವನ್ನೂ ಬಿಡುತ್ತದೆ. ಕುರುಬರು ಡೆಕ್ಕನಿ ಕುರಿಯ ಉಣ್ಣೆಯಿಂದ ನೇಯ್ದ ಕರಿಕಂಬಳಿಯನ್ನು ಕೊಪ್ಪೆ ಮಡಿಸಿ ತಲೆಯ ಮೇಲೆ ಹಾಕಿಕೊಂಡು ಜಡಿಮಳೆಯಲ್ಲಿ ಗದ್ದೆಯ ಕೆಲಸ ಮಾಡಿದ ಮಲೆನಾಡಿನ ತಲೆಮಾರುಗಳು ಇದನ್ನು ಅನುಭವದಿಂದಲೇ ಅರಿತಿದ್ದವು. ಇಲ್ಲಿನ ಅಂಗಡಿಗಳು ಹೆಚ್ಚಿನ ಬೆಲೆಗೆ ಮಾರುವ ಮೆರಿನೊ ಉಡುಪಿನ ಹಿಂದಿರುವುದೂ ಅದೇ ತತ್ತ್ವ.

ತಲೆಯಿಂದಲೇ ದೇಹದ ಅರ್ಧದಷ್ಟು ಶಾಖ ಹೋಗುತ್ತದೆ ಎಂಬ ನಂಬಿಕೆ ಅಮೆರಿಕದಲ್ಲಿ ಬಹುಕಾಲದಿಂದ ಬೇರೂರಿದೆ. ವಾಸ್ತವದಲ್ಲಿ ವಯಸ್ಕರ ತಲೆಯಿಂದ ಹೋಗುವ ಶಾಖ, ದೇಹದ ಮೇಲ್ಮೈಯಲ್ಲಿ ತಲೆಗಿರುವ ಪಾಲಿಗೆ ಅನುಗುಣವಾಗಿ, ಹತ್ತನೆಯ ಒಂದು ಭಾಗದ ಸುತ್ತಮುತ್ತ. ಕಿವಿ ಮುಚ್ಚುವ ಪಟ್ಟಿ ಉಪಯುಕ್ತವೇ ಆದರೂ ಟೊಪ್ಪಿಗೆಯೊಂದನ್ನು ಹಾಕಿ ಕಳಿಸಿದರೆ ಸಾಕೆಂಬ ಸಮಾಧಾನಕ್ಕೆ ಆಧಾರವಿಲ್ಲ.

ಹೆಚ್ಚಿನ ಗಮನ ಸಲ್ಲಬೇಕಾದುದು ಕೈಬೆರಳುಗಳಿಗೆ. ಚಳಿ ತಟ್ಟಿದೊಡನೆ ದೇಹವು ಹೃದಯ, ಶ್ವಾಸಕೋಶ ಮುಂತಾದ ಒಳಾಂಗಗಳ ಶಾಖವನ್ನು ಕಾಯಲು ಕೈಕಾಲುಗಳ ತುದಿಯ ರಕ್ತನಾಳಗಳನ್ನು ಕಿರಿದಾಗಿಸುತ್ತದೆ. ಬೆರಳಿನ ಚರ್ಮದ ಉಷ್ಣಾಂಶ ಸುಮಾರು 15 ಡಿಗ್ರಿಗಿಂತ ಕೆಳಗಿಳಿದರೆ ಅವುಗಳ ಚುರುಕು ಎದ್ದು ಕಾಣುವಂತೆ ಕುಗ್ಗುತ್ತದೆ. ಪಿಚರ್‌ಗೆ ಇದು ಎಲ್ಲರಿಗಿಂತ ಕಷ್ಟ, ಏಕೆಂದರೆ ಎಸೆಯುವ ಕೈಗೆ ಗ್ಲೌಸ್ ಹಾಕಿಕೊಳ್ಳಲು ನಿಯಮ ಬಿಡುವುದಿಲ್ಲ, ಚೆಂಡಿನ ಹೊಲಿಗೆಯ ಮೇಲೆ ಬೆರಳುಗಳ ಹಿಡಿತವಿಲ್ಲದೆ ಎಸೆತಕ್ಕೆ ಗುರಿಯಿರುವುದಿಲ್ಲ. ಅಂಥವಳ ಹಿಂಬದಿಯ ಜೇಬಿನಲ್ಲಿ ಕೈಬಿಸಿ ಪೊಟ್ಟಣವಿದ್ದರೆ ಎಸೆತಗಳ ನಡುವೆ ಬೆರಳು ಕಾಯಿಸಿಕೊಳ್ಳಬಹುದು. ಕಬ್ಬಿಣದ ಪುಡಿ, ಉಪ್ಪು, ನೀರು, ಇದ್ದಿಲಿನ ಪುಡಿ ತುಂಬಿದ ಈ ಪೊಟ್ಟಣವನ್ನು ಬಿಚ್ಚಿದಾಗ ಗಾಳಿಯ ಆಮ್ಲಜನಕ ತಾಗಿ ಕಬ್ಬಿಣ ತುಕ್ಕು ಹಿಡಿಯತೊಡಗುತ್ತದೆ, ಆ ಕ್ರಿಯೆಯಿಂದಲೇ ಶಾಖ ಹೊಮ್ಮುತ್ತದೆ. ಅದನ್ನು ಬರಿಯ ಚರ್ಮಕ್ಕೆ ಬಹಳ ಹೊತ್ತು ಒತ್ತಿ ಇಟ್ಟುಕೊಂಡರೆ ಸುಟ್ಟ ಗಾಯವಾಗಬಹುದು. ಪಾದಗಳಿಗೆ ಎರಡು ಜೊತೆ ಕಾಲುಚೀಲ ತುರುಕುವುದು ತಪ್ಪು, ಏಕೆಂದರೆ ಬಿಗಿಯಾದ ಬೂಟು ರಕ್ತದ ಹರಿವನ್ನೇ ತಡೆಯುತ್ತದೆ. ಉಣ್ಣೆಯ ಒಂದು ಜೊತೆ ತೊಟ್ಟು, ಬದಲಿಸಲು ಒಣ ಜೊತೆಯೊಂದನ್ನು ಚೀಲದಲ್ಲಿ ಇರಿಸಿಕೊಳ್ಳುವುದು ಸರಿಯಾದ ಕ್ರಮ.

ಚಳಿಯಲ್ಲಿ ಚೆಂಡೂ ಬ್ಯಾಟೂ ತಮ್ಮ ಗುಣ ಬದಲಿಸುತ್ತವೆ. ಚೆಂಡಿನ ಪಾಲಿಯುರಿಥೇನ್ ತಿರುಳು ತಣ್ಣಗಾದಂತೆ ಗಡುಸಾಗುತ್ತದೆ. ಬ್ಯಾಟಿನ ಸರಿಯಾದ ಜಾಗಕ್ಕೆ ತಗುಲದ ಚೆಂಡು ಹಿಡಿಕೆಯಲ್ಲಿ ಎಬ್ಬಿಸುವ ಕಂಪನ ಮರಗಟ್ಟಿದ ಅಂಗೈಗೆ ಚುಚ್ಚಿದಂತಾಗುತ್ತದೆ. ಕಾರ್ಬನ್ ನಾರಿನಿಂದ ಮಾಡಿದ ಕಾಂಪೊಸಿಟ್ ಬ್ಯಾಟುಗಳು ಇಂಥ ಗಡುಸು ಚೆಂಡಿನ ಹೊಡೆತಕ್ಕೆ ಬಿರುಕು ಬಿಡಬಹುದಾದುದರಿಂದ ತಯಾರಕರೇ ಚಳಿಯಲ್ಲಿ ಅವುಗಳ ಬಳಕೆಯ ಬಗ್ಗೆ ಎಚ್ಚರಿಸುತ್ತಾರೆ. ನೂರಾರು ಡಾಲರ್ ತೆತ್ತು ಅಂಥ ಬ್ಯಾಟು ಕೊಂಡ ಮನೆಯವರು ಏಪ್ರಿಲ್‌ಗಾಗಿ ಹಳೆಯ ಅಲ್ಯುಮಿನಿಯಂ ಬ್ಯಾಟೊಂದನ್ನು ಉಳಿಸಿಕೊಳ್ಳುವುದು ಒಳಿತು.

ಆದರೆ ಉಡುಪೂ ಪೊಟ್ಟಣವೂ ಇರುವ ಶಾಖವನ್ನು ಕಾಯುವ ಇಲ್ಲವೇ ಬೆರಳತುದಿಗಷ್ಟೇ ಒದಗಿಸುವ ಸಾಧನಗಳು. ಮೈಗೆಲ್ಲ ಶಾಖ ಹುಟ್ಟಬೇಕಾದುದು ಸ್ನಾಯುಗಳಲ್ಲಿಯೇ. ಪಂದ್ಯಕ್ಕೆ ಮುನ್ನ ಲಘುವಾಗಿ ಓಡಿ, ತೋಳು ತೊಡೆಗಳನ್ನು ಬೀಸಿ ಸಡಿಲಿಸಿ, ಹತ್ತಿರದಿಂದ ಆರಂಭಿಸಿ ಕ್ರಮೇಣ ದೂರಕ್ಕೆ ಚೆಂಡೆಸೆಯುವ ಪೂರ್ವಾಭ್ಯಾಸವನ್ನು ಎಲ್ಲ ತಂಡಗಳೂ ಮಾಡುತ್ತವೆ. ಅದರಿಂದ ಗಳಿಸಿದ ಮೈಕಾವು ಹತ್ತು ಹದಿನೈದು ನಿಮಿಷ ಸುಮ್ಮನೆ ಕುಳಿತರೆ ಇಳಿಯತೊಡಗುತ್ತದೆ ಎಂಬುದನ್ನು ಮಾತ್ರ ಹಲವು ತಂಡಗಳು ಮರೆಯುತ್ತವೆ. ತಣಿದ ಸ್ನಾಯು ನಿಧಾನವಾಗಿ ಸಂಕುಚಿಸುತ್ತದೆ, ಕಡಿಮೆ ಬಲ ಕೊಡುತ್ತದೆ, ಹಠಾತ್ ಓಟಕ್ಕೆ ಸಿಕ್ಕಿದಾಗ ಉಳುಕುತ್ತದೆ. ಸರದಿಗೆ ಕಾಯುವವರು ಎದ್ದು ನಿಂತು ಕುಕ್ಕರಗಾಲಿನಲ್ಲಿ ಕೂತೆದ್ದು ಮಾಡುವುದು, ಹೊರಮೈದಾನದವರು ಪ್ರತಿ ಎಸೆತಕ್ಕೂ ಎರಡು ಹೆಜ್ಜೆ ಮುಂದೆ ಬರುವುದು, ಇನ್ನಿಂಗ್ಸ್ ಬದಲಾದಾಗ ನಡೆಯದೆ ಓಡುವುದು, ಇವು ಶಿಸ್ತಿನ ಪ್ರದರ್ಶನಗಳೆಂದು ತೋರಿದರೂ ವಾಸ್ತವದಲ್ಲಿ ಶಾಖ ಹುಟ್ಟಿಸುವ ಕ್ರಮಗಳು.

ಚಳಿಯಲ್ಲಿ ಬಾಯಾರಿಕೆ ಮಂದವಾಗುವುದರಿಂದ ಮಕ್ಕಳು ನೀರು ಕುಡಿಯುವುದನ್ನು ಮರೆಯುತ್ತಾರೆ. ನಡುಗುವ ಸ್ನಾಯುಗಳಾದರೋ ದೇಹದ ಶರ್ಕರಪಿಷ್ಟದ ದಾಸ್ತಾನನ್ನು ಬೇಗ ಖಾಲಿ ಮಾಡುತ್ತವೆ. ಫ್ಲಾಸ್ಕಿನಲ್ಲಿ ತರುವ ತಿಳಿಸಾರು ಅಥವಾ ಶುಂಠಿ ಕಷಾಯದ ಬಿಸಿ ನೇರವಾಗಿ ದೇಹಕ್ಕೆ ಸೇರಿಸುವ ಶಾಖ ಅತ್ಯಲ್ಪ: 50 ಡಿಗ್ರಿಯ ಕಾಲು ಲೀಟರ್ ದ್ರವದಿಂದ ಸಿಗುವುದು ಮೂರು ಕಿಲೊಕ್ಯಾಲೊರಿಗಿಂತ ತುಸು ಹೆಚ್ಚಷ್ಟೇ. ಹಾಗಿದ್ದರೂ ಅದು ನೀರನ್ನು ಒಳಗಿಳಿಸುತ್ತದೆ, ಲೋಟ ಹಿಡಿದ ಬೆರಳುಗಳನ್ನು ಸಡಿಲಿಸುತ್ತದೆ. ಜೊತೆಗೊಂದು ಶೇಂಗಾ ಚಿಕ್ಕಿಯೋ ರವೆ ಉಂಡೆಯೋ ಇದ್ದರೆ ಸ್ನಾಯುಗಳಿಗೆ ಇಂಧನವೂ ದೊರೆಯುತ್ತದೆ.

ಮೊಮ್ಮಗಳ ಆಟ ನೋಡಲು ಬರುವ ಅಜ್ಜ ಅಜ್ಜಿಯರ ಬಗ್ಗೆಯೂ ಒಂದು ಮಾತು ಅಗತ್ಯ. ಪ್ರೇಕ್ಷಕರ ಮೆಟ್ಟಿಲುಬೆಂಚುಗಳು ಬಹುತೇಕ ಅಲ್ಯುಮಿನಿಯಂನವು. ಆ ಲೋಹ ಕುಳಿತವರ ಶಾಖವನ್ನು ಎಡೆಬಿಡದೆ ಸೆಳೆಯುತ್ತದೆ, ರಕ್ತನಾಳಗಳು ಕಿರಿದಾಗುವುದರಿಂದ ರಕ್ತದೊತ್ತಡ ಏರುತ್ತದೆ, ಹೃದ್ರೋಗಿಗಳಿಗೆ ಇದು ನಿಜವಾದ ಅಪಾಯ. ಅವರ ಅಡಿಗೆ ಮಡಿಸಿದ ಕಂಬಳಿ ಹಾಸಿ, ಇನ್ನಿಂಗ್ಸ್‌ಗೊಮ್ಮೆ ಅವರನ್ನು ನಡೆದಾಡಿಸುವುದು ಮನೆಯವರ ಹೊಣೆ.

ಆಟ ನಿಲ್ಲಿಸಬೇಕಾದ ಸಂದರ್ಭಗಳೂ ಇವೆ. ದೇಹದ ಒಳಗಿನ ಉಷ್ಣಾಂಶವು 37 ಡಿಗ್ರಿಯಿಂದ 35ಕ್ಕಿಂತ ಕೆಳಗಿಳಿಯುವ ಸ್ಥಿತಿಗೆ ವೈದ್ಯರು ಹೈಪೊಥರ್ಮಿಯ ಎನ್ನುತ್ತಾರೆ. ತಡೆಯಲಾಗದ ನಡುಕ, ಚೆಂಡು ಹಿಡಿಯಲಾಗದ ಎಡವಟ್ಟುತನ, ತೊದಲುವ ಮಾತು, ಗೊಂದಲ ಅದರ ಲಕ್ಷಣಗಳು. ಒದ್ದೆಯಾಗಿ ತಣಿದ ಮಗುವಿನಲ್ಲಿ ನಡುಕ ತಾನಾಗಿ ನಿಂತುಹೋಗುವುದು ಚೇತರಿಕೆಯಲ್ಲ, ತುರ್ತು ವೈದ್ಯಕೀಯ ನೆರವು ಬೇಕೆಂಬ ಸೂಚನೆ. ತೂಕಕ್ಕೆ ಹೋಲಿಸಿದರೆ ಮಕ್ಕಳ ದೇಹದ ಮೇಲ್ಮೈ ಹೆಚ್ಚಿರುವುದರಿಂದ ಅವರು ದೊಡ್ಡವರಿಗಿಂತ ಬೇಗ ತಣಿಯುತ್ತಾರೆ. ಉಬ್ಬಸವಿರುವ ಮಕ್ಕಳಿಗೆ ತಣ್ಣನೆಯ ಒಣಗಾಳಿ ಶ್ವಾಸನಾಳಗಳನ್ನು ಬಿಗಿಸಬಲ್ಲದು. ವೈದ್ಯರು ಕೊಟ್ಟ ಇನ್‌ಹೇಲರ್ ಬೆಂಚಿನ ಬಳಿಯೇ ಇರಬೇಕು. ಇಂಥ ಹೊತ್ತಿನಲ್ಲಿ ತಂಡದ ಗೆಲುವಿಗಾಗಿ ಮಗಳನ್ನು ಮೈದಾನದಲ್ಲಿ ಉಳಿಸುವುದು ಎಷ್ಟು ತಪ್ಪೋ, ಒಣಬಿಸಿಲಿನ ಎಂಟು ಡಿಗ್ರಿಗೆ ಹೆದರಿ ಅವಳನ್ನು ಮನೆಯಲ್ಲಿ ಕೂರಿಸುವುದೂ ಅಷ್ಟೇ ತಪ್ಪು.

ಒಂದೇ ವರ್ಷದಲ್ಲಿ ಚಿಕ್ಕದಾಗಿ ಮೂಲೆ ಸೇರುವ ಉಣ್ಣೆಯ ಒಳಂಗಿ, ಫ್ಲೀಸ್, ಕಾಲುಚೀಲಗಳು ನಮ್ಮ ಕನ್ನಡ ಸಂಘದ ಸದಸ್ಯರ ಮನೆಗಳಲ್ಲಿ ಸಾಕಷ್ಟಿವೆ. ಹೊಸದಾಗಿ ಈ ನಗರಕ್ಕೆ ಬಂದಿಳಿದ ಕುಟುಂಬಗಳಿಗೆ ಅವನ್ನೆಲ್ಲ ಒಮ್ಮೆಗೇ ಕೊಳ್ಳುವುದು ಭಾರವಾಗುತ್ತದೆ. ಅಂಥ ಉಡುಪುಗಳನ್ನು ಒಗೆದು, ಅಳತೆ ಬರೆದ ಚೀಟಿಯೊಂದಿಗೆ ಯುಗಾದಿ ಸಮಾರಂಭದ ದಿನ ಸಂಘದ ಕ್ರೀಡಾ ಸಮಿತಿಗೆ ತಲುಪಿಸಬೇಕೆಂದೂ, ಅಗತ್ಯವಿರುವವರು ಸಂಕೋಚವಿಲ್ಲದೆ ಅಲ್ಲಿಂದಲೇ ಪಡೆಯಬೇಕೆಂದೂ ಸಂಪಾದಕ ಮಂಡಳಿಯು ಎಲ್ಲ ಸದಸ್ಯರನ್ನು ಕೋರುತ್ತದೆ.