ಗಣಕಯಂತ್ರ ಸ್ತಬ್ಧವಾದೊಡನೆ ಫಾರ್ಮ್ಯಾಟ್ ಬೇಡ

ಮಾಸಿಕ ಜಿಎಸ್‌ಟಿಆರ್-3ಬಿ ಸಲ್ಲಿಸಬೇಕಾದ 20ನೇ ತಾರೀಖಿನ ಸಂಜೆ ಕಚೇರಿಯ ಗಣಕಯಂತ್ರದ ಪರದೆ ಸ್ತಬ್ಧವಾದರೆ ವರ್ತಕರಿಗೆ ಆತಂಕವಾಗುವುದು ಸಹಜ. ತೆರಿಗೆ ಬಾಧ್ಯತೆ ಇರುವವರಿಗೆ ಮರುದಿನದಿಂದಲೇ ದಿನವೊಂದಕ್ಕೆ 50 ರೂ. ವಿಳಂಬ ಶುಲ್ಕ, ನಗದಾಗಿ ಕಟ್ಟಬೇಕಾದ ತೆರಿಗೆಯ ಮೇಲೆ ವಾರ್ಷಿಕ ಶೇ. 18ರ ಬಡ್ಡಿ. ಯಂತ್ರ ಕೆಟ್ಟಿತ್ತೆಂಬ ಸಮಜಾಯಿಷಿಯನ್ನು ಪೋರ್ಟಲ್ ಕೇಳಿಸಿಕೊಳ್ಳುವುದಿಲ್ಲ. ಈ ಆತಂಕದಲ್ಲಿ ದುರಸ್ತಿಯವನನ್ನು ಕರೆಸಿ, ಆತ ಹೇಳಿದನೆಂದು ಡಿಸ್ಕನ್ನೇ ಫಾರ್ಮ್ಯಾಟ್ ಮಾಡಿಸುವ ಪರಿಪಾಠ ಅನೇಕ ಕಚೇರಿಗಳಲ್ಲಿದೆ. ಇದು ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ.

ಸ್ತಬ್ಧತೆಗೆ ಕಾರಣಗಳು ಹಲವು. ಅವುಗಳಲ್ಲಿ ಅತಿ ಕಡಿಮೆ ಗಮನಕ್ಕೆ ಬರುವುದು ಗ್ರಾಫಿಕ್ಸ್ ಡ್ರೈವರ್, ಅಂದರೆ ವಿಂಡೋಸ್ ಹಾಗೂ ಪರದೆಗೆ ಚಿತ್ರ ಒದಗಿಸುವ ಚಿಪ್ಪಿನ ನಡುವೆ ದುಭಾಷಿಯಂತಿರುವ ತಂತ್ರಾಂಶ. 2007ರಲ್ಲಿ ಮಾರುಕಟ್ಟೆಗೆ ಬಂದ ವಿಸ್ಟಾದಿಂದೀಚೆಗೆ, ಆ ಚಿಪ್ಪು ಸುಮಾರು 2 ಸೆಕೆಂಡುಗಳೊಳಗೆ ಪ್ರತಿಕ್ರಿಯಿಸದಿದ್ದರೆ ವಿಂಡೋಸ್ ತಾನಾಗಿಯೇ ಡ್ರೈವರನ್ನು ಪುನರಾರಂಭಿಸಲು ಯತ್ನಿಸುತ್ತದೆ. ಯತ್ನ ಫಲಿಸಿದರೆ ಪರದೆ ಕ್ಷಣಕಾಲ ಕಪ್ಪಾಗಿ ಮರಳುತ್ತದೆ. ಫಲಿಸದಿದ್ದರೆ ನೀಲಿ ಪರದೆಯೇ ಗತಿ. ವಿಸ್ಟಾ ಕುರಿತು ಅಮೆರಿಕದಲ್ಲಿ ನಡೆದ ಮೊಕದ್ದಮೆಯೊಂದರಲ್ಲಿ 2008ರಲ್ಲಿ ಬಹಿರಂಗವಾದ ಮೈಕ್ರೋಸಾಫ್ಟ್‌ನ ಆಂತರಿಕ ದಾಖಲೆಗಳ ಪ್ರಕಾರ, ಲೆಕ್ಕಕ್ಕೆ ತೆಗೆದುಕೊಂಡ ಕುಸಿತಗಳಲ್ಲಿ ಶೇ. 28ಕ್ಕೂ ಹೆಚ್ಚಿನವಕ್ಕೆ ಎನ್‌ವಿಡಿಯಾ ಡ್ರೈವರ್‌ಗಳೇ ಕಾರಣವಾಗಿದ್ದವು. ಮೈಕ್ರೋಸಾಫ್ಟ್‌ನ ಸ್ವಂತ ತಂತ್ರಾಂಶದ ಪಾಲು ಅದಕ್ಕಿಂತ ಕಡಿಮೆ. ಅಂದಿನಿಂದ ಡ್ರೈವರ್‌ಗಳು ಸಾಕಷ್ಟು ಸುಧಾರಿಸಿವೆ, ನಿಜ. ದೋಷ ಪೂರ್ತಿ ನಿವಾರಣೆಯಾಗಿಲ್ಲ.

ತಪಾಸಣೆಗೆ ತಜ್ಞರೇ ಬೇಕೆಂದಿಲ್ಲ. ಪರದೆ ನಿಂತಾಗ ಕ್ಯಾಪ್ಸ್ ಲಾಕ್ ಕೀಲಿಯನ್ನು ಒತ್ತಿ ನೋಡಬೇಕು. ಅದರ ದೀಪ ಹತ್ತಿ ಆರುತ್ತಿದ್ದರೆ ಯಂತ್ರಕ್ಕೆ ಜೀವವಿದೆ, ಪರದೆಗೆ ಮಾತ್ರ ಇಲ್ಲವೆಂದು ತಿಳಿಯಬಹುದು. ಆಗ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮತ್ತು ಬಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ವಿಂಡೋಸ್ 10 ಮತ್ತು 11ರಲ್ಲಿ ಡ್ರೈವರ್ ಪುನರಾರಂಭಗೊಳ್ಳುತ್ತದೆ. ಅರ್ಧ ತುಂಬಿದ ನಮೂನೆಯೂ ಉಳಿದೀತು. ಬಳಿಕ ಇವೆಂಟ್ ವ್ಯೂವರ್‌ನಲ್ಲಿ 4101 ಸಂಖ್ಯೆಯ ದಾಖಲೆ ಇದೆಯೇ ಎಂದು ಪರಿಶೀಲಿಸಬೇಕು. ಇದ್ದರೆ ಗ್ರಾಫಿಕ್ಸ್ ಡ್ರೈವರ್ ನಿಂತು ಚೇತರಿಸಿಕೊಂಡಿತ್ತೆಂದು ಅರ್ಥ. ಸೇಫ್ ಮೋಡ್‌ನಲ್ಲಿ ಯಂತ್ರ ಗಂಟೆಗಟ್ಟಲೆ ಸುಗಮವಾಗಿ ನಡೆದರೆ ಸಂದೇಹ ಇನ್ನಷ್ಟು ಬಲವಾಗುತ್ತದೆ, ಏಕೆಂದರೆ ಅಲ್ಲಿ ವಿಂಡೋಸ್‌ನ ಸರಳ ಡ್ರೈವರ್ ಮಾತ್ರ ಕೆಲಸ ಮಾಡುತ್ತದೆ. ತೊಂದರೆ ಇತ್ತೀಚಿನ ಅಪ್‌ಡೇಟಿನ ನಂತರ ಆರಂಭವಾಗಿದ್ದರೆ ಡಿವೈಸ್ ಮ್ಯಾನೇಜರ್‌ನ ರೋಲ್ ಬ್ಯಾಕ್ ಗುಂಡಿಯಿಂದ ಹಿಂದಿನ ಆವೃತ್ತಿಗೆ ಮರಳಬಹುದು. ಹಳೆಯ ಆವೃತ್ತಿಗೆ ಮರಳಿದರೂ ಪರದೆ ನಿಲ್ಲುತ್ತಿದ್ದರೆ ಧೂಳು, ಶಾಖ ಅಥವಾ ಕಾರ್ಡಿನ ದೋಷವನ್ನು ಶಂಕಿಸಬೇಕು.

ಫಾರ್ಮ್ಯಾಟ್ ಮಾಡಿಸಿದರೂ ಈ ದೋಷ ಹೋಗುವ ಭರವಸೆಯಿಲ್ಲ. ವಿಂಡೋಸ್ ಅಪ್‌ಡೇಟ್ ಅದೇ ಡ್ರೈವರನ್ನು ಕೆಲವೇ ದಿನಗಳಲ್ಲಿ ಮತ್ತೆ ತಂದು ಕೂರಿಸಬಹುದು. ಹೋಗುವುದು ಲೆಕ್ಕಪತ್ರ ಮಾತ್ರ, ಏಕೆಂದರೆ ದತ್ತಾಂಶ ಬಹುತೇಕ ಸಿ ಡ್ರೈವಿನಲ್ಲೇ ಇರುತ್ತದೆ. ಕೇಂದ್ರ ಜಿಎಸ್‌ಟಿ ಕಾಯಿದೆಯ 36ನೇ ಕಲಮು ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳವರೆಗೆ ಲೆಕ್ಕಪತ್ರ ಕಾಯ್ದಿಡಬೇಕೆನ್ನುತ್ತದೆ. ಕಂಪನಿಗಳಿಗಾದರೆ 2022ರ ತಿದ್ದುಪಡಿಯ ನಂತರ ಪ್ರತಿದಿನದ ಬ್ಯಾಕಪ್ ಕಡ್ಡಾಯ. ಇಷ್ಟಿದ್ದೂ ಡಿಸ್ಕ್ ಅಳಿಸುವ ನಿರ್ಧಾರವನ್ನು ಮಾಲೀಕರು ದುರಸ್ತಿಯ ಹುಡುಗನಿಗೆ ಬಿಟ್ಟುಕೊಡುವುದು ಸೋಜಿಗ. ಚೆಕ್ಕಿಗೆ ಇಬ್ಬರ ಸಹಿ ಕೇಳುವ ಸಂಸ್ಥೆಗಳೂ ಇದಕ್ಕೆ ಒಬ್ಬರ ಸಹಿಯನ್ನೂ ಕೇಳುವುದಿಲ್ಲ.

ವಾರ್ಷಿಕ ನಿರ್ವಹಣಾ ಒಪ್ಪಂದವನ್ನು ನವೀಕರಿಸುವಾಗ ದರದ ಬಗ್ಗೆ ಚೌಕಾಸಿ ನಡೆಯುತ್ತದೆ, ಷರತ್ತುಗಳ ಬಗ್ಗೆ ನಡೆಯುವುದಿಲ್ಲ. ಬ್ಯಾಕಪ್ ತೆಗೆದು ಪರೀಕ್ಷಿಸದೆ, ಮಾಲೀಕರ ಲಿಖಿತ ಒಪ್ಪಿಗೆಯಿಲ್ಲದೆ ಫಾರ್ಮ್ಯಾಟ್ ಕೂಡದೆಂಬ ಒಂದು ಸಾಲು ಅದರಲ್ಲಿ ಸೇರಬೇಕು. ರಿಟರ್ನ್ ಸಲ್ಲಿಕೆಯ ವಾರದಲ್ಲಿ ಅಪ್‌ಡೇಟುಗಳನ್ನು ತಡೆಹಿಡಿಯುವ ಹೊಣೆಯನ್ನೂ ಅದರಲ್ಲೇ ನಮೂದಿಸಬಹುದು. ವಿಂಡೋಸ್‌ನಲ್ಲಿ ಆ ಸೌಲಭ್ಯವಿದೆ, ಖರ್ಚೇನೂ ಇಲ್ಲ. ಸರಿಯಾಗಿ ನಡೆಯುತ್ತಿರುವ ಡ್ರೈವರಿನ ಆವೃತ್ತಿ ಸಂಖ್ಯೆಯನ್ನು ಸ್ಥಿರಾಸ್ತಿ ವಹಿಯಲ್ಲಿ ಯಂತ್ರದ ಹೆಸರಿನ ಪಕ್ಕದಲ್ಲೇ ಬರೆದಿಟ್ಟರೆ ಮುಂದಿನ ಬಾರಿ ಯಾವುದಕ್ಕೆ ಮರಳಬೇಕೆಂಬ ಹುಡುಕಾಟವೂ ಇರುವುದಿಲ್ಲ.