ಕೊಳಗ ಹೋಯಿತು, ಕಾರ್ಡು ಬಂದಿತು

1951ರ ಏಪ್ರಿಲ್ ತಿಂಗಳಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಒಡೆಯರ ವಿರುದ್ಧ ಎದ್ದು ನಿಂತರು. ಅವರ ದೂರು ಗೇಣಿಯ ಬಗ್ಗೆ ಮಾತ್ರವಲ್ಲ, ಕೊಳಗದ ಬಗ್ಗೆಯೂ ಇತ್ತು. ಭತ್ತ ಅಳೆದುಕೊಳ್ಳಲು ಒಡೆಯರು ತರುತ್ತಿದ್ದ ಕೊಳಗವು ನಿಗದಿಯ ಅಳತೆಗಿಂತ ದೊಡ್ಡದಾಗಿತ್ತು. ಬಾಯಲ್ಲಿ ಹೇಳಿದ ಗೇಣಿ ಒಂದು, ಕಣದಲ್ಲಿ ಅಳೆದ ಗೇಣಿ ಮತ್ತೊಂದು. ಶಾಂತವೇರಿ ಗೋಪಾಲಗೌಡರೂ ಡಾ. ಲೋಹಿಯಾ ಅವರೂ ಹೆಗಲು ಕೊಟ್ಟ ಆ ಸತ್ಯಾಗ್ರಹವನ್ನು ಸಮಾಜವಾದಿಗಳಾದ ನಾವು ಮರೆಯುವಂತಿಲ್ಲ. ಏಕೆಂದರೆ ಆ ಕೊಳಗವು ಕಣದಿಂದ ಮಾಯವಾದರೂ, ಅದರ ವಿದ್ಯೆ ಸತ್ತಿಲ್ಲ. ಅದು ಈಗ ಬ್ಯಾಂಕಿನ ಪಾಸ್‌ಪುಸ್ತಕದೊಳಗೆ, ಅಂಗೈಯಗಲದ ಕಾರ್ಡಿನೊಳಗೆ ಸೇರಿಕೊಂಡಿದೆ.

2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿ ಯೋಜನೆಗೆ ಚಾಲನೆ ದೊರೆಯಿತು. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ಅದೇ ವರ್ಷ ಜುಲೈನಿಂದ, ಕೊಡಬೇಕಾಗಿದ್ದ ಹೆಚ್ಚುವರಿ ಐದು ಕಿಲೋ ಅಕ್ಕಿಯ ಬದಲಿಗೆ ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿಯನ್ನು ಖಾತೆಗೆ ಹಾಕಲಾಯಿತು. 2025ರಲ್ಲಿ ಮತ್ತೆ ಅಕ್ಕಿಯನ್ನೇ ಕೊಡುವ ತೀರ್ಮಾನವಾಯಿತು. ಈ ಯೋಜನೆಗಳನ್ನು ನಾವು ಹೀಗಳೆಯುವವರಲ್ಲ. ಮತ್ತೋಡಿನ, ಮಾಡದಕೆರೆಯ, ಶ್ರೀರಾಂಪುರದ ಕೂಲಿ ಹೆಣ್ಣುಮಗಳಿಗೆ ಈ ಹಣದ ಬೆಲೆ ಎಷ್ಟೆಂಬುದನ್ನು ನಾವು ಬಲ್ಲೆವು. ನಮ್ಮ ಪ್ರಶ್ನೆ ಬೇರೆ. ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ತೂಗುವಾಗ ತಕ್ಕಡಿ ಕಣ್ಣೆದುರಿಗೇ ಇರುತ್ತದೆ. ಕಡಿಮೆ ತೂಗಿದರೆ ಜಗಳವಾಡಬಹುದು. ಹಣ ಕೊಡುವಾಗ ತಕ್ಕಡಿ ಎಲ್ಲಿದೆ? ಅದನ್ನು ಹಿಡಿದಿರುವವರು ಯಾರು?

ಲೆಕ್ಕವನ್ನು ಬಿಡಿಸಿ ನೋಡೋಣ. ಸಾಮಾನ್ಯ ಉಳಿತಾಯ ಖಾತೆಯಾದರೆ ಕಾರ್ಡಿಗೆ ವರ್ಷದ ಬಾಡಿಗೆ, ಫೋನಿಗೆ ಬರುವ ಸಂದೇಶಕ್ಕೆ ಬೇರೆ ಶುಲ್ಕ. ಎಟಿಎಂ ಯಂತ್ರದಿಂದ ಪುಕ್ಕಟೆ ಮಿತಿ ಮೀರಿ ಹಣ ತೆಗೆದರೆ ಪ್ರತಿ ಸಲಕ್ಕೆ 23 ರೂಪಾಯಿಯವರೆಗೆ, ಮೇಲೆ ತೆರಿಗೆ. 2025ರ ಮೇ 1ಕ್ಕೆ ಮೊದಲು ಇದು 21 ಇತ್ತು. ಹಣ ಬಂದಿದೆಯೋ ಇಲ್ಲವೋ ಎಂದು ಬೇರೆ ಬ್ಯಾಂಕಿನ ಯಂತ್ರವನ್ನು ಕೇಳಿದರೆ ಅದನ್ನೂ ಪುಕ್ಕಟೆ ಎಣಿಕೆಯಲ್ಲಿ ಒಂದೆಂದು ಕಳೆಯುತ್ತಾರೆ. ಖಾತೆಯಲ್ಲಿ ಸಾಕಷ್ಟು ಹಣವಿಲ್ಲವೆಂದು ಯಂತ್ರ ಹೇಳಿದರೆ, ಹಾಗೆ ಹೇಳಿದ್ದಕ್ಕೂ ಹಲವು ಬ್ಯಾಂಕುಗಳು ದಂಡ ಹಾಕುತ್ತವೆ. ಇಲ್ಲದ ಹಣಕ್ಕೆ ದಂಡ!

ಇದರ ಜೊತೆಗೆ ವಿಮೆ. ಪ್ರಧಾನ ಮಂತ್ರಿಗಳ ಹೆಸರಿನ ಎರಡು ವಿಮೆಗಳ ಕಂತು 2022ರ ಜೂನ್‌ನಿಂದ ವರ್ಷಕ್ಕೆ 436 ಮತ್ತು 20 ರೂಪಾಯಿ. ವಿಮೆ ಬೇಕೆಂದು ತಿಳಿದು ರುಜು ಮಾಡಿದವರ ಮಾತು ಬೇರೆ. ಆದರೆ ಏನೆಂದು ತಿಳಿಯದೆ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದವಳ ಖಾತೆಯಿಂದಲೂ ವರ್ಷವರ್ಷವೂ ಅದು ತಾನಾಗಿ ಹೋಗುತ್ತಿರುತ್ತದೆ. 2021ರಲ್ಲಿ ವಿಧವಾ ವೇತನವನ್ನು ಏರಿಸಿದ್ದು 600ರಿಂದ 800 ರೂಪಾಯಿಗೆ. ಅದರಲ್ಲಿ 456 ರೂಪಾಯಿ ಕಡಿತವೆಂದರೆ ಒಂದು ತಿಂಗಳ ವೇತನದ ಅರ್ಧಕ್ಕೂ ಹೆಚ್ಚು.

ಇವೆಲ್ಲ ಚಿಲ್ಲರೆ ಮಾತು ಎನ್ನುವವರಿದ್ದಾರೆ. ಚಿಲ್ಲರೆ ಎಲ್ಲಿಗೆ ಹೋಗಿ ಸೇರುತ್ತದೆ ನೋಡಿ. ಖಾತೆಯಲ್ಲಿ ಕನಿಷ್ಠ ಶಿಲ್ಕು ಇಲ್ಲದ್ದಕ್ಕೆ ಸರ್ಕಾರಿ ಬ್ಯಾಂಕುಗಳು 2019-20ರಿಂದ 2023-24ರವರೆಗಿನ ಐದು ವರ್ಷಗಳಲ್ಲಿ ವಸೂಲು ಮಾಡಿದ ದಂಡ ಸುಮಾರು 8,500 ಕೋಟಿ ರೂಪಾಯಿ. ಇದು ಸರ್ಕಾರವೇ ಲೋಕಸಭೆಗೆ ಕೊಟ್ಟ ಲೆಕ್ಕ. ಬಡವರಿಗೆಂದೇ ತೆರೆದ ಮೂಲ ಉಳಿತಾಯ ಖಾತೆಗಳನ್ನೂ ಬಿಡಲಿಲ್ಲ. ತಿಂಗಳಿಗೆ ನಾಲ್ಕಕ್ಕಿಂತ ಹೆಚ್ಚು ಸಲ ಹಣ ತೆಗೆದರೆ ಅಥವಾ ಪಾವತಿ ಮಾಡಿದರೆ ಸ್ಟೇಟ್ ಬ್ಯಾಂಕು ಪ್ರತಿ ಸಲಕ್ಕೆ 17 ರೂಪಾಯಿ 70 ಪೈಸೆ ಹಿಡಿಯುತ್ತಿತ್ತೆಂದೂ, 2015-20ರ ನಡುವೆ ಸುಮಾರು 12 ಕೋಟಿ ಖಾತೆಗಳಿಂದ 300 ಕೋಟಿಗೂ ಹೆಚ್ಚು ಹಣ ಹೀಗೆ ಬಂದಿತೆಂದೂ ಮುಂಬಯಿಯ ಐಐಟಿಯ ಅಧ್ಯಯನವೊಂದು 2021ರಲ್ಲಿ ಬಯಲು ಮಾಡಿತು. 2020ರ ಜನವರಿಯ ಬಳಿಕ ಡಿಜಿಟಲ್ ಪಾವತಿಗಳಿಗೆ ಹಿಡಿದದ್ದನ್ನು ಹಿಂದಿರುಗಿಸಬೇಕೆಂದು ಕೇಂದ್ರ ನೇರ ತೆರಿಗೆ ಮಂಡಳಿಯೇ ಬ್ಯಾಂಕುಗಳಿಗೆ ಹೇಳಬೇಕಾಯಿತು. 1969ರ ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿದಾಗ ಬ್ಯಾಂಕು ಬಡವನ ಬಾಗಿಲಿಗೆ ಬರುತ್ತದೆಂದು ಹೇಳಿದರು. ಬಂದಿದೆ, ನಿಜ, ಬಾಗಿಲಲ್ಲಿ ಸುಂಕದ ಕಟ್ಟೆಯನ್ನೂ ಕಟ್ಟಿಕೊಂಡಿದೆ.

ಗಿರಣಿ ಕಾರ್ಮಿಕರು ಇದನ್ನು ಬೇಗ ಅರ್ಥ ಮಾಡಿಕೊಳ್ಳಬಲ್ಲರು. ಮಾಲೀಕನು ಮನಬಂದಂತೆ ಕೂಲಿ ಮುರಿದುಕೊಳ್ಳಬಾರದೆಂದು 1936ರ ವೇತನ ಪಾವತಿ ಕಾಯಿದೆ ಕಟ್ಟು ಹಾಕಿತು. ಕಾಯಿದೆಯ ಹೆಸರು ಈಗ ವೇತನ ಸಂಹಿತೆಯೆಂದು ಬದಲಾದರೂ ಆ ತತ್ವ ಉಳಿದಿದೆ. ಮಾಲೀಕನಿಗೆ ಇಲ್ಲದ ಹಕ್ಕು ಬ್ಯಾಂಕಿಗೆ ಎಲ್ಲಿಂದ ಬಂತು? ಸಣ್ಣ ವ್ಯಾಪಾರಿಗಳೂ ಯೋಚಿಸಬೇಕು. ಯಜಮಾನಿಯ ಕೈಗೆ ಬಂದ ಹಣ ಹೊಸದುರ್ಗದ ಸಂತೆಗೆ, ಕಿರಾಣಿ ಅಂಗಡಿಗೆ, ಬಟ್ಟೆ ಅಂಗಡಿಗೆ ಬರುತ್ತದೆ. ಖಾತೆಯಲ್ಲೇ ಮುರಿದುಕೊಂಡ ಹಣ ಈ ಊರಿನ ಯಾವ ಗಲ್ಲಾಪೆಟ್ಟಿಗೆಗೂ ಬಾರದು.

ಸೇವೆಗೆ ಖರ್ಚು ಬರುವುದಿಲ್ಲವೇ ಎಂದು ಬ್ಯಾಂಕಿನವರು ಕೇಳುತ್ತಾರೆ. ಬರುತ್ತದೆ. ಆದರೆ ಮನಿ ಆರ್ಡರಿನ ಕಾಲದಲ್ಲಿ ಕಮಿಷನ್ ಕೊಡುತ್ತಿದ್ದವನು ಕಳಿಸುವವನೇ ಹೊರತು ಪಡೆಯುವವನಲ್ಲ. ಹಣ ಕಳಿಸುವುದು ಸರ್ಕಾರ; ಖರ್ಚನ್ನೂ ಸರ್ಕಾರವೇ ಹೊರಲಿ. ಇನ್ನು ಕನಿಷ್ಠ ಶಿಲ್ಕಿನ ದಂಡವನ್ನು ಸ್ಟೇಟ್ ಬ್ಯಾಂಕು 2020ರಲ್ಲಿ, ಕೆನರಾ ಬ್ಯಾಂಕು 2025ರ ಜೂನ್ 1ರಿಂದ ಕೈಬಿಟ್ಟವು. ಯಾವ ಬ್ಯಾಂಕೂ ಮುಳುಗಲಿಲ್ಲ. ಹಾಗಾದರೆ ಇಷ್ಟು ವರ್ಷ ಏಕೆ ವಸೂಲು ಮಾಡಿದರು?

ಹಳ್ಳಿಯ ಬ್ಯಾಂಕ್ ಮಿತ್ರನ ಮೇಲೆ ನಮಗೆ ಕೋಪವಿಲ್ಲ. ಅವನೂ ಕಮಿಷನ್ ನಂಬಿದ ದುಡಿಮೆಗಾರ. ಆದರೆ ಹೆಬ್ಬೆರಳು ಒತ್ತಿಸಿಕೊಂಡು ಹಣ ಕೊಡುವಾಗ ಹತ್ತೋ ಇಪ್ಪತ್ತೋ ಹಿಡಿಯುವುದು ನಿಯಮಬಾಹಿರ. ಅವನು ಗ್ರಾಹಕರಿಂದ ನೇರವಾಗಿ ಶುಲ್ಕ ಪಡೆಯುವಂತಿಲ್ಲವೆಂದು ರಿಸರ್ವ್ ಬ್ಯಾಂಕಿನ ನಿಯಮವೇ ಹೇಳುತ್ತದೆ. ಅವನಿಗೆ ನ್ಯಾಯವಾದ ಸಂಬಳ ಕೊಡಬೇಕಾದದ್ದು ಬ್ಯಾಂಕು, ವಿಧವೆಯಲ್ಲ.

ದಕ್ಷಿಣ ಆಫ್ರಿಕದಲ್ಲಿ 2012ರಿಂದ ಸರ್ಕಾರದ ಪಿಂಚಣಿಯನ್ನು ಖಾಸಗಿ ಕಂಪನಿಯೊಂದರ ಕಾರ್ಡಿನ ಮೂಲಕ ಹಂಚಿದರು. ಸಾಲದ ಕಂತು, ವಿಮೆ, ಫೋನಿನ ಹಣವೆಂದು ಮುದುಕರ ಪಿಂಚಣಿ ಕೈಸೇರುವ ಮೊದಲೇ ಕರಗತೊಡಗಿತು. ‘ಬ್ಲ್ಯಾಕ್ ಸ್ಯಾಶ್’ ಎಂಬ, ಮಹಿಳೆಯರು ಕಟ್ಟಿದ ಸಂಘಟನೆ, ನಮ್ಮ ಪಿಂಚಣಿಗೆ ಕೈಹಾಕಬೇಡಿ ಎಂದು ಚಳವಳಿ ಹೂಡಿತು. ಆ ಗುತ್ತಿಗೆಯನ್ನು ಅಲ್ಲಿನ ಸಂವಿಧಾನ ನ್ಯಾಯಾಲಯ 2013ರಲ್ಲಿ ಅಸಿಂಧುವೆಂದಿತು. 2018ರಲ್ಲಿ ಹಂಚಿಕೆ ಅಂಚೆ ಇಲಾಖೆಯ ಕೈಗೆ ಬಂತು. ಕೇಳಿದವರಿಗೆ ದಕ್ಕಿತು.

ನಾವೂ ಕೇಳೋಣ. ಸರ್ಕಾರದ ನೆರವು ಬರುವ ಯಾವ ಖಾತೆಯಿಂದಲೂ ಯಾವ ಹೆಸರಿನಲ್ಲೂ ಕಡಿತ ಕೂಡದು. ಸಾಮಾನ್ಯ ಖಾತೆಯನ್ನು ಮೂಲ ಉಳಿತಾಯ ಖಾತೆಯಾಗಿ ಬದಲಿಸಲು ಅವಕಾಶವಿದೆ. ಬ್ಯಾಂಕುಗಳು ತಾವಾಗಿ ಅದನ್ನು ತಿಳಿಸಲಿ. ಶುಲ್ಕಗಳ ಪಟ್ಟಿಯನ್ನು ದಪ್ಪ ಕನ್ನಡ ಅಕ್ಷರಗಳಲ್ಲಿ ಶಾಖೆಯ ಹೊರಗೆ, ಬ್ಯಾಂಕ್ ಮಿತ್ರನ ಅಂಗಡಿಯಲ್ಲಿ ತೂಗುಹಾಕಲಿ. ಒಪ್ಪಿಗೆಯಿಲ್ಲದೆ ಕಡಿದ ವಿಮೆಯ ಹಣವನ್ನು ಹಿಂದಿರುಗಿಸಲಿ.

ಓದುಗ ಬಂಧುಗಳಿಗೂ ಒಂದು ಕೆಲಸವಿದೆ. ಈ ವಾರವೇ ಮನೆಯ ಪಾಸ್‌ಪುಸ್ತಕವನ್ನು ಬ್ಯಾಂಕಿಗೆ ಒಯ್ದು ಬರೆಸಿ. ಅರ್ಥವಾಗದ ಒಂದೊಂದು ಕಡಿತಕ್ಕೂ ಕಾರಣ ಕೇಳಿ, ದೂರನ್ನು ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅದಕ್ಕೆ ಖರ್ಚಿಲ್ಲ. ವಿವರಕ್ಕೆ 14448ಕ್ಕೆ ಫೋನ್ ಮಾಡಿ. ಓದು ಬಾರದ ನೆರೆಯವಳ ಪುಸ್ತಕವನ್ನೂ ಓದಿ ಹೇಳಿ. ಕಾಗೋಡಿನ ರೈತ ಮೊದಲು ಮಾಡಿದ್ದು ಇದನ್ನೇ: ಕೊಳಗವನ್ನು ಅಳೆದು ನೋಡಿದ.