ಹಳೆಯ ಫೋನಿನವರನ್ನೂ ಲೆಕ್ಕಕ್ಕೆ ಹಿಡಿಯೋಣ



ಪೂಜೆಯ ಸಮಯ ಬದಲಾದದ್ದು, ಕ್ಯಾಟೆಕಿಸಂ ರಜೆ, ರಕ್ತದಾನ ಶಿಬಿರ, ಮರಣದ ಸುದ್ದಿ, ಎಲ್ಲವೂ ಈಗ ವಾರ್ಡಿನ ವಾಟ್ಸಾಪ್ ಗ್ರೂಪಿಗೆ ಬೀಳುತ್ತವೆ. ಮೊದಲು ಗುರ್ಕಾರರು ಮನೆಮನೆಗೆ ಹೋಗಿ ತಿಳಿಸುತ್ತಿದ್ದರು. ಗ್ರೂಪ್ ಸುಲಭ, ಒಪ್ಪುತ್ತೇವೆ. ಆದರೆ ಆ್ಯಪ್ ಯಾವ ಫೋನಿನಲ್ಲಿ ಎಷ್ಟು ವರ್ಷ ನಡೆಯಬೇಕೆಂದು ತೀರ್ಮಾನಿಸುವವರು ನಾವಲ್ಲ.

2023ರ ಅಕ್ಟೋಬರ್ 24ರಿಂದ ವಾಟ್ಸಾಪ್ ಆಂಡ್ರಾಯ್ಡ್ 5.0ಕ್ಕಿಂತ ಹಳೆಯ ಫೋನುಗಳನ್ನು ಕೈಬಿಟ್ಟಿತು. ಜಿಯೋಫೋನಿನಂಥ ಕೈಓಎಸ್ ಫೋನುಗಳಿಗೆ 2024ರ ಜೂನ್‌ನಿಂದ ಹೊಸ ಡೌನ್‌ಲೋಡ್ ನಿಂತಿತು. ಮೊದಲೇ ಇದ್ದವರಿಗೂ 2025ರ ಆರಂಭದವರೆಗೆ ಮಾತ್ರ ಅವಕಾಶವಿತ್ತು. ಬಟನ್ ಒತ್ತುವ ಫೋನೇ ಬೇಕೆನ್ನುವ ಹಿರಿಯರು ನಮ್ಮಲ್ಲಿ ಎಷ್ಟಿದ್ದಾರೆಂದು ನಿಮಗೇ ಗೊತ್ತು.

ಕಂಪನಿಯನ್ನು ಬೈದರೆ ಸಾಲದು, ಅವರಿಗೂ ಕಾರಣವಿದೆ. ಹೊಸ ಸೌಲಭ್ಯ ಸೇರಿಸಿದಾಗಲೆಲ್ಲ ಪ್ರತಿ ಹಳೆಯ ಆವೃತ್ತಿಯಲ್ಲೂ ಪರೀಕ್ಷಿಸಬೇಕು. ತಯಾರಕರೇ ಸುರಕ್ಷತಾ ಅಪ್‌ಡೇಟ್ ನಿಲ್ಲಿಸಿದ ಫೋನಿನಲ್ಲಿ ಆ್ಯಪ್ ಒಂದೇ ಭದ್ರವಾಗಿರಲಾರದು. ಹಾಗಾಗಿ ‘ಶಾಶ್ವತವಾಗಿ ನಡೆಸಿ’ ಎಂದು ನಾವು ಕೇಳುವುದಿಲ್ಲ. ಎಷ್ಟು ವರ್ಷ ನಡೆಯುತ್ತದೆಂದು ಮಾರುವ ದಿನವೇ ಹೇಳಿ ಎನ್ನುತ್ತೇವೆ. 2023ರಲ್ಲಿ ಗೂಗಲ್ ಪಿಕ್ಸೆಲ್ 8ಕ್ಕೆ 7 ವರ್ಷದ ಅಪ್‌ಡೇಟ್ ಘೋಷಿಸಿತು. ದುಬಾರಿ ಫೋನಿಗೆ ಸಿಕ್ಕ ಮಾತು ಅಗ್ಗದ ಫೋನಿಗೂ ಸಿಗಬೇಕಲ್ಲವೇ? ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ, ಒಂದು ಮಾದರಿಯ ಮಾರಾಟ ನಿಂತ ಮೇಲೂ ಕನಿಷ್ಠ 5 ವರ್ಷ ಅಪ್‌ಡೇಟ್ ಕೊಡಲೇಬೇಕೆಂಬ ನಿಯಮವಿದೆ. ನಮ್ಮ ದೇಶಕ್ಕೂ ಅಂಥದ್ದು ಬೇಕು.

ಪ್ರೋಗ್ರಾಮಿಂಗ್‌ನಲ್ಲಿ ಒಂದು ಒಳ್ಳೆಯ ಪದ್ಧತಿಯಿದೆ. ಹಳೆಯದನ್ನು ಕೂಡಲೇ ಕಿತ್ತುಹಾಕುವುದಿಲ್ಲ. ‘ಡಿಪ್ರಿಕೇಟೆಡ್’ ಎಂದು ಗುರುತು ಹಾಕಿ, ಬದಲಿ ದಾರಿ ತೋರಿಸಿ, ಕಾಯುತ್ತಾರೆ. 2020ರಲ್ಲಿ ಆಂಡ್ರಾಯ್ಡ್ 11ರೊಂದಿಗೆ ‘ಅಸಿಂಕ್‌ಟಾಸ್ಕ್’ಗೆ ಈ ಗುರುತು ಬಿತ್ತು. ಅದನ್ನು ಬಳಸಿದ್ದ ಆ್ಯಪ್‌ಗಳು ಮರುದಿನವೇ ಸಾಯಲಿಲ್ಲ. ನಮ್ಮ ಗುರ್ಕಾರರ ಮನೆಭೇಟಿಗೆ ಅಷ್ಟು ಮರ್ಯಾದೆಯೂ ಸಿಗಲಿಲ್ಲ; ಯಾರೂ ಘೋಷಿಸದೆ ತನ್ನಷ್ಟಕ್ಕೆ ನಿಂತುಹೋಯಿತು.

ನಮ್ಮ ಕಾಸರಗೋಡಿನ ಕಡೆ ಮಕ್ಕಳು ಗಲ್ಫಿನಲ್ಲಿ, ಮನೆಯಲ್ಲಿ ಹಿರಿಯರಿಬ್ಬರೇ ಇರುವ ಮನೆಗಳು ಬಹಳ. ‘ಹೊಸ ಫೋನ್ ತಗೊಳ್ಳಿ ಅಜ್ಜಿ’ ಎನ್ನುವುದು ಸುಲಭ. ದುಡ್ಡು ಹೊಂದಿಸಿ, ಅದನ್ನು ಕಲಿಸುವವರು ಯಾರು? ಜೀವಮಾನದ ಗೆಳತಿಯ ಶವಸಂಸ್ಕಾರದ ಸುದ್ದಿ ಮರುದಿನ ತಿಳಿದರೆ ಅವರ ದುಃಖಕ್ಕೆ ಅಪ್‌ಡೇಟ್ ಇಲ್ಲ.

ನಮ್ಮ ಪ್ರಸ್ತಾಪ ಇಷ್ಟೇ. ವಾಟ್ಸಾಪ್ ಇಲ್ಲದ ಮನೆಗಳ ಪಟ್ಟಿಯನ್ನು ಪ್ರತಿ ವಾರ್ಡಿನಲ್ಲಿ ಗುರ್ಕಾರರ ಜೊತೆ ಕೂತು ಬರೆಯೋಣ. ವಾರ್ಡಿಗೆ ಇಬ್ಬರು ಯುವಜನರು ಹೊಣೆ ಹೊರಲಿ. ಮರಣದ ಸುದ್ದಿ ಗ್ರೂಪಿಗೆ ಹೋಗುವ ಮೊದಲು ಆ ಮನೆಗಳಿಗೆ ಫೋನ್ ಕರೆ ಹೋಗಲಿ. ಕರೆ ಯಾವ ಹಳೆಯ ಫೋನಿಗೂ ಬರುತ್ತದೆ. ಮುಂದಿನ ಸಭೆಗೆ ಪಟ್ಟಿ ತನ್ನಿ.